513ನೇ ಬೈಟ್ ಎಲ್ಲಿಗೆ ಹೋಗುತ್ತದೆ?

ಪಾಲಿಟೆಕ್ನಿಕ್‌ನಲ್ಲಿ ಸಿ ಭಾಷೆ ಕಲಿಸುವ ನಾನು ‘ವೆನಮ್’ ಎಂಬ ದೋಷದ ವಿಚಾರವನ್ನು ಪ್ರತಿ ಹೊಸ ಬ್ಯಾಚಿಗೂ ಹೇಳುತ್ತೇನೆ. ಪಠ್ಯಕ್ರಮದಲ್ಲಿ ಅದಿಲ್ಲ. ಇರಬೇಕಿತ್ತು ಎಂಬುದೇ ನನ್ನ ವಾದ.

ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಜೇಸನ್ ಗೆಫ್ನರ್ ಈ ದೋಷವನ್ನು ಪತ್ತೆಹಚ್ಚಿದರು. ಅದು ಬಹಿರಂಗವಾದದ್ದು 2015ರ ಮೇ 13ರಂದು. ಇದ್ದದ್ದು ಕ್ಯೂಎಮು ಎಂಬ ತಂತ್ರಾಂಶದಲ್ಲಿ. ಒಂದು ದೊಡ್ಡ ಸರ್ವರ್ ಒಳಗೆ ಹತ್ತಾರು ವರ್ಚುವಲ್ ಕಂಪ್ಯೂಟರುಗಳನ್ನು ನಡೆಸಲು ಇಂಥ ತಂತ್ರಾಂಶ ಬೇಕು. ಪ್ರತಿಯೊಂದಕ್ಕೂ ಬೇರೆ ಲಿನಕ್ಸ್ ಅಥವಾ ವಿಂಡೋಸ್, ಬೇರೆ ಬಾಡಿಗೆದಾರ. ಒಂದರಲ್ಲಿ ಆಸ್ಪತ್ರೆಯ ದಾಖಲೆ, ಇನ್ನೊಂದರಲ್ಲಿ ಅಂಗಡಿಯ ಲೆಕ್ಕ ಇರಬಹುದು. ಅವು ಒಂದನ್ನೊಂದು ಮುಟ್ಟಲಾರವು ಎಂಬ ಭರವಸೆಯ ಮೇಲೆಯೇ ಕ್ಲೌಡ್ ವ್ಯಾಪಾರ ನಿಂತಿದೆ. ವೆನಮ್ ಪೆಟ್ಟು ಕೊಟ್ಟದ್ದು ಆ ಭರವಸೆಗೆ. ಒಂದು ವರ್ಚುವಲ್ ಕಂಪ್ಯೂಟರಿನ ಒಳಗಿದ್ದವನು ಅದರಿಂದ ಹೊರಬಂದು, ಅದನ್ನು ಹೊತ್ತ ಸರ್ವರಿಗೇ ಕೈಹಾಕುವ ದಾರಿ ಅಲ್ಲಿತ್ತು. ಅದಕ್ಕೆ ಆ ವರ್ಚುವಲ್ ಕಂಪ್ಯೂಟರಿನ ಅಡ್ಮಿನ್ ಅಧಿಕಾರ ಬೇಕು ನಿಜ. ಆದರೆ ಅದನ್ನು ಬಾಡಿಗೆಗೆ ಪಡೆದವನಿಗೆ ಆ ಅಧಿಕಾರ ಹೇಗೂ ಸಿಕ್ಕಿರುತ್ತದೆ.

ದಾರಿ ಇದ್ದದ್ದು ಫ್ಲಾಪಿ ಡಿಸ್ಕಿನ ಭಾಗದಲ್ಲಿ. ನಿಜವಾದ ಫ್ಲಾಪಿ ಡ್ರೈವ್ ಇಲ್ಲದಿದ್ದರೂ ಹಾಗೊಂದು ಇದೆಯೆಂದು ಕ್ಯೂಎಮು ನಟಿಸುತ್ತದೆ. ಅದಕ್ಕೆ ಬರುವ ಆದೇಶಗಳನ್ನು 512 ಬೈಟ್‌ಗಳ ಒಂದು ಅರೇಯಲ್ಲಿ ತುಂಬಿಕೊಳ್ಳುತ್ತದೆ. ಮುಂದಿನ ಬೈಟ್ ಯಾವ ಜಾಗಕ್ಕೆ ಎಂದು ಸೂಚಿಸುವ ಇಂಡೆಕ್ಸ್, ಆದೇಶ ಮುಗಿದ ಮೇಲೆ ಸೊನ್ನೆಗೆ ಮರಳಬೇಕು. ಎರಡು ಆದೇಶಗಳಲ್ಲಿ ಅದು ಮರಳುತ್ತಿರಲಿಲ್ಲ. ಬೈಟ್ ಕಳಿಸುತ್ತಲೇ ಹೋದರೆ ಇಂಡೆಕ್ಸ್ 511 ದಾಟಿ ಮುಂದೆ ಹೋಗುತ್ತಿತ್ತು. ಆಮೇಲೆ ಬರೆದದ್ದೆಲ್ಲ ಪಕ್ಕದ ಮೆಮೊರಿಯ ಮೇಲೆ, ಅಂದರೆ ಕ್ಯೂಎಮು ತನ್ನ ಕೆಲಸಕ್ಕೆ ಇಟ್ಟುಕೊಂಡ ಮಾಹಿತಿಯ ಮೇಲೆಯೇ ಬೀಳುತ್ತಿತ್ತು. ಅಲ್ಲಿ ಏನು ಬೀಳಬೇಕೆಂದು ಲೆಕ್ಕ ಹಾಕಿ ಕಳಿಸಿದರೆ ತಂತ್ರಾಂಶದ ಹಿಡಿತ ಕಳಿಸಿದವನಿಗೆ ಸಿಗುವ ಸಾಧ್ಯತೆ ಇತ್ತು.

ಈ ಕೋಡ್ ಸೇರಿದ್ದು 2004ರಲ್ಲಿ. ಹನ್ನೊಂದು ವರ್ಷ ಅದು ಜಗತ್ತಿನ ಅಸಂಖ್ಯ ಸರ್ವರ್‌ಗಳಲ್ಲಿ ಓಡಿತು. ಝೆನ್, ಕೆವಿಎಂ, ವರ್ಚುವಲ್‌ಬಾಕ್ಸ್ ಎಂಬ ಇಂಥದೇ ತಂತ್ರಾಂಶಗಳೆಲ್ಲವೂ ಆ ಭಾಗವನ್ನು ಬಳಸಿಕೊಂಡಿದ್ದವು. ಸೋನಿ ಕಂಪನಿ ಫ್ಲಾಪಿ ಮಾರುವುದನ್ನು 2011ರಲ್ಲೇ ಬಿಟ್ಟಿತ್ತು, ಕೋಡ್ ಮಾತ್ರ ಉಳಿದಿತ್ತು. ಝೆನ್ ಮತ್ತು ಕ್ಯೂಎಮುನಲ್ಲಿ ಫ್ಲಾಪಿ ಬೇಡವೆಂದು ಅಡ್ಮಿನ್ ಆರಿಸಿದ್ದರೂ ಬೇರೊಂದು ದೋಷದಿಂದಾಗಿ ಈ ಭಾಗ ಚಾಲ್ತಿಯಲ್ಲೇ ಇರುತ್ತಿತ್ತು. ಬಹಿರಂಗವಾದಾಗ ಇದನ್ನು ಬಳಸಿ ದಾಳಿ ನಡೆದ ನಿದರ್ಶನ ಗೊತ್ತಾಗಿರಲಿಲ್ಲ ಎಂಬುದಷ್ಟೇ ಸಮಾಧಾನ.

ಪರಿಹಾರ ಏನಿತ್ತು ಗೊತ್ತೇ? ಇಂಡೆಕ್ಸ್ ಬಳಸುವ ಮೊದಲು ಅದನ್ನು 512ರಿಂದ ಭಾಗಿಸಿ ಶೇಷ ತೆಗೆದುಕೊಳ್ಳುವುದು. ಆಗ 511 ಆದ ಮೇಲೆ ಅದು ಮತ್ತೆ ಸೊನ್ನೆಗೇ ಬರುತ್ತದೆ. ಶೇಷದ ಲೆಕ್ಕವನ್ನು ನಮ್ಮ ಮಕ್ಕಳು ಸಮಸಂಖ್ಯೆ, ಬೆಸಸಂಖ್ಯೆ ಕಂಡುಹಿಡಿಯುವ ಮೊದಮೊದಲ ಪ್ರೋಗ್ರಾಮಿನಲ್ಲೇ ಕಲಿತಿರುತ್ತಾರೆ. ಈ ಪ್ಯಾಚ್ ಅನ್ನು ಬೋರ್ಡಿನ ಮೇಲೆ ಬರೆದಾಗ ಕೊನೆಯ ಬೆಂಚಿನವರೂ ತಲೆ ಎತ್ತುತ್ತಾರೆ.

ಇಲ್ಲಿಗೇ ನನ್ನ ತಕರಾರು ಬರುತ್ತದೆ. ನಮ್ಮ ಲ್ಯಾಬ್‌ಗಳಲ್ಲಿ ಪ್ರೋಗ್ರಾಂ ಸರಿಯಾಗಿದೆ ಎನ್ನಲು ಇರುವ ಗುರುತು ಒಂದೇ: ‘ಔಟ್‌ಪುಟ್ ಬಂತು ಮೇಡಂ.’ ಎಕ್ಸ್‌ಟರ್ನಲ್ ಪರೀಕ್ಷಕರು ಬರುತ್ತಾರೆ, ಐದು ಸಂಖ್ಯೆ ಕೊಡುತ್ತಾರೆ, ಏರಿಕೆ ಕ್ರಮದಲ್ಲಿ ಬಂದರೆ ಪೂರ್ತಿ ಅಂಕ. ಹತ್ತು ಸಂಖ್ಯೆಯ ಅರೇಗೆ ಹನ್ನೆರಡು ಕೊಟ್ಟರೆ ಏನಾಗುತ್ತದೆಂದು ಕೇಳಿದವರನ್ನು ನಾನು ಕಂಡಿಲ್ಲ. ಸಿ ಭಾಷೆ ತಾನಾಗಿ ಅದನ್ನು ತಡೆಯುವುದಿಲ್ಲ; ಬರೆದವರೇ ನೋಡಿಕೊಳ್ಳಬೇಕು. ಹಾಗಿರುವಾಗ ಅದಕ್ಕೆ ಅಂಕವೇ ಇಲ್ಲದಿದ್ದರೆ ಯಾವ ಹುಡುಗ ನೋಡಿಕೊಂಡಾನು?

‘ಗೆಟ್ಸ್’ ಎಂಬ ಫಂಕ್ಷನ್ ಇನ್ನೂ ದೊಡ್ಡ ನೋವು. ಎಷ್ಟು ಅಕ್ಷರ ಬಂದರೂ ಅಳತೆ ನೋಡದೆ ಅರೇಗೆ ಸುರಿಯುವ ಫಂಕ್ಷನ್ ಅದು. 1988ರ ನವೆಂಬರ್ 2ರಂದು ಅಮೆರಿಕದ ಇಂಟರ್‌ನೆಟ್ಟಿನಲ್ಲಿ ಹಬ್ಬಿದ, ತಾನಾಗಿ ಹರಡುವ ಮೋರಿಸ್ ವರ್ಮ್ ಎಂಬ ಪ್ರೋಗ್ರಾಂ, ‘ಫಿಂಗರ್’ ಸೇವೆಯೊಳಗೆ ನುಗ್ಗಿದ್ದು ಇದೇ ಗೆಟ್ಸ್ ಮೂಲಕ. ಅಲ್ಲಿದ್ದ ಜಾಗವೂ 512 ಬೈಟ್. ವರ್ಮ್ ಕಳಿಸಿದ್ದು 536. 2011ರ ಸಿ ಮಾನದಂಡದಲ್ಲಿ ಗೆಟ್ಸ್ ಅನ್ನು ಪೂರ್ತಿ ತೆಗೆದುಹಾಕಿದರು. ಹಾಗಿದ್ದೂ ನನ್ನ ಮುಂದಿರುವ ಲ್ಯಾಬ್ ಕೈಪಿಡಿಯಲ್ಲಿ ಸ್ಟ್ರಿಂಗ್ ಪ್ರೋಗ್ರಾಮುಗಳೆಲ್ಲ ಗೆಟ್ಸ್‌ನಿಂದಲೇ ಶುರು. ಮಕ್ಕಳು ಅದನ್ನು ರೆಕಾರ್ಡ್ ಪುಸ್ತಕಕ್ಕೆ ನಕಲು ಮಾಡುತ್ತಾರೆ, ನಾವು ಸಹಿ ಹಾಕಬೇಕು. ಇದು ನನಗೆ ಸಹಿಸಲಾಗದ ಸಂಗತಿ.

ಸಿ ಬಿಟ್ಟು, ಅರೇ ದಾಟುವುದನ್ನು ತಾನೇ ತಡೆಯುವ ರಸ್ಟ್ ಭಾಷೆ ಕಲಿಸಿ ಎನ್ನುವ ಗೆಳೆಯರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ತನ್ನ ತಂತ್ರಾಂಶಗಳಲ್ಲಿ ಪ್ರತಿ ವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು ಶೇ 70ರಷ್ಟು ಮೆಮೊರಿಗೆ ಸಂಬಂಧಿಸಿದವೆಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ಅಮೆಜಾನ್ 2018ರಲ್ಲಿ ಹೊರತಂದ ಫೈರ್‌ಕ್ರ್ಯಾಕರ್ ಎಂಬ ವರ್ಚುವಲೈಸೇಷನ್ ತಂತ್ರಾಂಶ ರಸ್ಟ್‌ನಲ್ಲೇ ಇದೆ. ಅದರಲ್ಲಿ ಫ್ಲಾಪಿಯಂಥ ಹಳೆಯ ಸಾಧನಗಳಿಲ್ಲ. ನೆಟ್‌ವರ್ಕ್, ಡಿಸ್ಕ್ ಹೀಗೆ ಬೇಕಾದ ಕೆಲವೇ ಸಾಧನಗಳಿವೆ. ಬೇಡದ್ದನ್ನು ಸೇರಿಸದೇ ಇದ್ದದ್ದು, ಭಾಷೆ ಬದಲಿಸಿದಷ್ಟೇ ದೊಡ್ಡ ನಿರ್ಧಾರ ಎನ್ನುವುದು ನನ್ನ ಅಭಿಪ್ರಾಯ. ಆದರೆ ಕ್ಯೂಎಮು, ಝೆನ್, ಲಿನಕ್ಸ್ ಕರ್ನಲ್ ಇಂದಿಗೂ ಬಹುಪಾಲು ಸಿ. ನಮ್ಮ ಮಕ್ಕಳಲ್ಲಿ ಕೆಲವರು ನಾಳೆ ಬೆಂಗಳೂರಿನ ಯಾವುದೋ ಕಚೇರಿಯಲ್ಲಿ ಕುಳಿತು ಇಂಥ ಹಳೆಯ ಕೋಡನ್ನೇ ತಿದ್ದಲಿದ್ದಾರೆ. ಅವರಿಗೆ ಸಿ ಬೇಕು, ಸರಿಯಾದ ಸಿ ಬೇಕು.

ಇದಕ್ಕೆ ಹೊಸ ಕಂಪ್ಯೂಟರ್, ಹೊಸ ಅನುದಾನ ಬೇಕಿಲ್ಲ. ಲ್ಯಾಬಿನಲ್ಲಿರುವ ಜಿಸಿಸಿ ಕಂಪೈಲರಿಗೆ ‘ಅಡ್ರೆಸ್ ಸ್ಯಾನಿಟೈಜರ್’ ಆಯ್ಕೆ 2013ರಲ್ಲೇ ಬಂದಿದೆ. ಆದೇಶದ ಸಾಲಿನಲ್ಲಿ ಒಂದೆರಡು ಪದ ಸೇರಿಸಿದರೆ ಸಾಕು, ಅರೇ ದಾಟಿದ ಕ್ಷಣವೇ ಪ್ರೋಗ್ರಾಂ ನಿಂತು ಯಾವ ಸಾಲಿನಲ್ಲಿ ದಾಟಿತು ಎಂದು ತೋರಿಸುತ್ತದೆ. ಕೈಪಿಡಿಯಿಂದ ಗೆಟ್ಸ್ ತೆಗೆಯಿರಿ. ಪ್ರಾಯೋಗಿಕ ಪರೀಕ್ಷೆಯ ಅಂಕಗಳಲ್ಲಿ ಐದನ್ನು ಎತ್ತಿಡಿ: ಪರೀಕ್ಷಕರು ಬೇಕೆಂದೇ ಅಳತೆ ಮೀರಿದ ಇನ್‌ಪುಟ್ ಕೊಡಲಿ, ಪ್ರೋಗ್ರಾಂ ‘ಇಷ್ಟು ಹಿಡಿಸುವುದಿಲ್ಲ’ ಎಂದು ಹೇಳಿ ನಿಂತರೆ ಆ ಐದು ಅಂಕ ವಿದ್ಯಾರ್ಥಿಗೆ ಸಿಗಲಿ. ಮುಂದಿನ ಪಠ್ಯಕ್ರಮ ಪರಿಷ್ಕರಣೆಯಲ್ಲಿ ಇಷ್ಟನ್ನು ಸೇರಿಸಿ ಎಂದು ತಾಂತ್ರಿಕ ಶಿಕ್ಷಣದ ಹೊಣೆ ಹೊತ್ತವರನ್ನು ಕೇಳುತ್ತಿದ್ದೇನೆ.