ಹೆಸರು ಬರೆಯದ ಭಾವಚಿತ್ರಗಳು

ಬಸದಿಯ ಜೀರ್ಣೋದ್ಧಾರ ಆರಂಭವಾದೊಡನೆ ಮೊದಲು ಹೊರಬೀಳುವುದು ಹಳೆಯ ಮರಮುಟ್ಟು. ಅದರ ಜೊತೆಯಲ್ಲಿಯೇ ಕಪಾಟಿನ ಮೂಲೆಯಲ್ಲಿದ್ದ ಹಳೆಯ ಫೋಟೋಗಳೂ ಹೊರಬೀಳುತ್ತವೆ. ಮರಕ್ಕೆ ಹರಾಜಿನಲ್ಲಿ ಬೆಲೆ ಬರುತ್ತದೆ. ಫೋಟೋಗಳಿಗೆ ಬೆಲೆ ಕಟ್ಟುವವರಿಲ್ಲ. ಹೊಸ ಗೋಡೆಯ ಮೇಲೆ ದಾನಿಗಳ ಬಣ್ಣದ ಭಾವಚಿತ್ರಗಳು ಸಾಲಾಗಿ ನಿಲ್ಲುತ್ತವೆ, ಕೆಳಗೆ ಮೊತ್ತ ಸಹಿತ.

ಹೀಗೆ ಹೊರಬೀಳುವ ಚಿತ್ರಗಳಲ್ಲಿ ಏನಿರುತ್ತದೆ? ಒಂದನ್ನು ನೋಡಬಹುದು. ಬಾವಿಕಟ್ಟೆಯ ಬಳಿ ವೃದ್ಧ ಶ್ರಾವಿಕೆಯೊಬ್ಬರು ಕೊಡದ ಬಾಯಿಗೆ ಇಮ್ಮಡಿ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದಾರೆ. ಮುಖ ಅರ್ಧ ಮಾತ್ರ ಕಾಣುತ್ತದೆ. ಪಟ್ಟಣದಿಂದ ಬಂದ ಅಳಿಯ ಕ್ಯಾಮೆರಾ ಹಿಡಿದು "ಇತ್ತ ನೋಡಿ" ಎಂದಾಗ ಆಕೆ ತಿರುಗಲಿಲ್ಲ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ ಮರಳಿ ಇಳಿಸುವವರೆಗೆ ಕೈ ನಿಲ್ಲಿಸುವಂತಿರಲಿಲ್ಲ. ಮುಖ ಸರಿಯಾಗಿ ಬಂದಿಲ್ಲವೆಂಬ ಕಾರಣಕ್ಕೆ ಈ ಚಿತ್ರ ಕಟ್ಟು ಹಾಕಿಸಿಕೊಳ್ಳಲಿಲ್ಲ. ಆದರೆ ಅಹಿಂಸಾಣುವ್ರತದ ಕುರಿತು ನೂರು ಪ್ರವಚನ ಕೇಳಿದ ಬಾಲಕನಿಗೂ ಇಲ್ಲಿ ಕಾಣುವುದು ಅಲ್ಲಿ ಕಾಣದು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದುದು. ಭಾವಚಿತ್ರ ಸಂಗ್ರಹ ಪರಿಗ್ರಹವಲ್ಲವೇ, ಅಗಲಿದವರ ಮುಖವನ್ನು ನೋಡುತ್ತ ಕುಳಿತುಕೊಳ್ಳುವುದು ಮೋಹವಲ್ಲವೇ? ಮೋಹವಾಗಬಹುದು, ನಿಜ. ಆದರೆ ಅಜ್ಜಿಯ ಚಿತ್ರವನ್ನು ಪರಿಗ್ರಹವೆಂದು ಎಸೆದು, ತಮ್ಮದೇ ಚಿತ್ರವನ್ನು ಫ್ಲೆಕ್ಸಿನಲ್ಲಿ ಹತ್ತು ಅಡಿ ಬೆಳೆಸಿ ಬೀದಿಗೆ ಕಟ್ಟುವವರ ಬಾಯಲ್ಲಿ ಈ ಪ್ರಶ್ನೆ ಶೋಭಿಸದು.

ಎರಡನೆಯ ಆಕ್ಷೇಪವನ್ನು ಕೆಲವರಷ್ಟೇ ಎತ್ತುತ್ತಾರೆ, ಎತ್ತುವವರು ಬಲ್ಲವರು. ಫಿಲ್ಮಿನ ಮೇಲೂ ಮುದ್ರಣ ಕಾಗದದ ಮೇಲೂ ಬೆಳ್ಳಿಯ ಲವಣವನ್ನು ಹಿಡಿದಿಡುವ ಲೇಪ ಜೆಲಟಿನ್. ಅದು ಪ್ರಾಣಿಗಳ ಮೂಳೆ ಚರ್ಮಗಳಿಂದ ಬರುವಂಥದು. 1871ರಲ್ಲಿ ಇಂಗ್ಲೆಂಡಿನ ವೈದ್ಯ ಮ್ಯಾಡಾಕ್ಸ್ ಈ ಕ್ರಮವನ್ನು ಪ್ರಕಟಿಸಿದಂದಿನಿಂದ ಮನೆಮನೆಯ ಆಲ್ಬಮ್ಮಿನಲ್ಲೂ ಹಿಂಸೆಯ ಒಂದು ಪದರ ಸೇರಿದೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಹಾಗೆಂದು ಆಗಿಹೋದ ಹಿಂಸೆಗೆ ಚಿತ್ರವನ್ನು ಸುಡುವುದು ಪ್ರಾಯಶ್ಚಿತ್ತವಾಗಲಾರದು. ಹೊಸ ಪ್ರತಿ ಬೇಕಾದವರಿಗೆ ಇಂದು ಫಿಲ್ಮು ಬೇಕಿಲ್ಲದ ದಾರಿ ಇದ್ದೇ ಇದೆ.

ಸಾಮಾನ್ಯರ ಹೆಸರನ್ನು ಕಾಪಾಡುವುದು ಜೈನ ಪರಂಪರೆಗೆ ಹೊಸದೇ? ಶ್ರವಣಬೆಳ್ಗೊಳದ ಶಾಸನಗಳು 500ಕ್ಕೂ ಹೆಚ್ಚು. ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸಲ್ಲೇಖನ ಸ್ವೀಕರಿಸಿದ ಮುನಿಗಳು ಮಾತ್ರವಲ್ಲ, ಆರ್ಯಿಕೆಯರು, ಶ್ರಾವಕ ಶ್ರಾವಿಕೆಯರೂ ಒಂದೆರಡು ಸಾಲುಗಳಲ್ಲಿ ಉಳಿದಿದ್ದಾರೆ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಓಲೆಗರಿಯ ಎಷ್ಟೋ ಲಿಪಿಕಾರರು ಕೊನೆಯಲ್ಲಿ ತಮ್ಮ ಹೆಸರು, ಸಂವತ್ಸರ, ತಿಥಿ ಬರೆದಿಟ್ಟರು. ಕಲ್ಲಿಗೂ ಗರಿಗೂ ಸಂದ ಗೌರವ ಕಾಗದಕ್ಕೆ ಏಕೆ ಸಲ್ಲಬಾರದು?

ವ್ಯಾಪಾರಸ್ಥರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಿರ್ದಿಯಲ್ಲಿ ವಿವರಣೆಯಿಲ್ಲದ ರಕಮನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. ಆದರೂ ಅದೇ ಶೆಟ್ಟರ ಮನೆಯ ಆಲ್ಬಮ್ಮಿನಲ್ಲಿ ಒಂದು ಚಿತ್ರದ ಹಿಂದೆಯೂ ಹೆಸರಿಲ್ಲ, ಇಸವಿಯಿಲ್ಲ. ಮಕ್ಕಳ ಮೊಬೈಲಿನಲ್ಲಂತೂ ಸಾವಿರಾರು ಚಿತ್ರಗಳಿವೆ, ಯಾವುದಕ್ಕೂ ಕಥೆಯಿಲ್ಲ. 1981ರ, 1993ರ ಮಹಾಮಸ್ತಕಾಭಿಷೇಕದ ಚಿತ್ರಗಳನ್ನು ಜತನದಿಂದ ಇಟ್ಟವರಿದ್ದಾರೆ. ಯಾತ್ರಿಕರಿಗೆ ಅಡುಗೆ ಮಾಡಿದವರ ಚಿತ್ರ ಎಷ್ಟು ಮನೆಗಳಲ್ಲಿದೆ?

ಟ್ರಸ್ಟುಗಳಿಗೆ ಇದರಿಂದ ದೊಡ್ಡ ಖರ್ಚೇನೂ ಬಾರದು. ಒಂದು ಒಣ ಕಪಾಟು, ಒಂದು ರಿಜಿಸ್ಟರು, ಮೆದು ಸೀಸದ ಕಡ್ಡಿ. ಚಿತ್ರದ ಹಿಂದೆ ಬಾಲ್‌ಪೆನ್ನು ಒತ್ತಿ ಬರೆದರೆ ಮುಂದೆ ಗೀರು ಮೂಡುತ್ತದೆ. ಅಂಟು ಹಾಳೆಯ ಆಲ್ಬಮ್ಮಿನಲ್ಲಿ ಇಟ್ಟರೆ ಮತ್ತೆ ಬಿಡಿಸಲಾಗದು. ಹಳೆಯ ಬಣ್ಣದ ಪ್ರತಿಗಳು ಕಪ್ಪು ಬಿಳುಪಿನವಕ್ಕಿಂತ ಬೇಗ ಮಾಸುವುದರಿಂದ ಅವುಗಳಿಗೇ ಆದ್ಯತೆ ಸಲ್ಲಬೇಕು. ದಶಲಕ್ಷಣ ಪರ್ವದ ಒಂದು ಸಂಜೆ ಸನ್ಮಾನ ಭಾಷಣಗಳನ್ನು ಕಡಿಮೆ ಮಾಡಿ, ಈ ಚಿತ್ರಗಳನ್ನು ಹಿರಿಯರ ಮುಂದೆ ಹರಡಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಲಿ.

ಬಾವಿಕಟ್ಟೆಯ ಆ ಚಿತ್ರದ ಬಾವಿ ಯಾವುದೆಂದು ಹೇಳಬಲ್ಲವರು ಊರಿನಲ್ಲಿ ಈಗ ಇಬ್ಬರಿದ್ದಾರೆ. ಇಬ್ಬರಿಗೂ ಎಂಬತ್ತು ದಾಟಿದೆ.