ಯಾರೂ ಮುಟ್ಟದ ದ್ವೀಪ!

ಮೆಡಿಟರೇನಿಯನ್ ಕಡಲಿನಲ್ಲಿ, ಇಟಲಿಯ ಲಿವೊರ್ನೊ ಬಂದರಿನಿಂದ ಸುಮಾರು 37 ಕಿಲೋಮೀಟರ್ ದೂರಕ್ಕೆ ಗೊರ್ಗೋನ ಎಂಬ ಪುಟ್ಟ ದ್ವೀಪವಿದೆ. ಎರಡು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ನೆಲ. ಅಷ್ಟರಲ್ಲೇ ಒಂದು ಜೈಲು. ಅದೇ ನೆಲ ರಾಷ್ಟ್ರೀಯ ಉದ್ಯಾನವೂ ಹೌದು. ನೋಡಲು ಹೋಗುವವರು ಮೊದಲೇ ಹೆಸರು ಕೊಡಬೇಕು, ಮಾರ್ಗದರ್ಶಿಯ ಹಿಂದೆಯೇ ನಡೆಯಬೇಕು, ಸಂಜೆಗೆ ದೋಣಿ ಹತ್ತಬೇಕು. ಇಂಥ ಕಡೆ ಹೋಗಿಬಂದವರು ಬಾಯ್ತುಂಬ ಹೊಗಳ್ತಾರೆ: ಎಂಥ ನೀಲಿ ನೀರು, ಎಂಥ ಹಸಿರು, ಮನುಷ್ಯನ ಕೈ ಮುಟ್ಟದ ನೆಲ!

ನಾವು ಅಲ್ಲಿಗೆ ಹೋದವರಲ್ಲ. ಆದರೆ ಈ 'ಮುಟ್ಟದ' ಎಂಬ ಮಾತಿನೊಳಗೇ ಹುಟ್ಟಿ ಬೆಳೆದವರು. ಯಾವ ಮನೆಯ ಹೊಸ್ತಿಲು, ಯಾವ ಹೋಟೆಲಿನ ಲೋಟ, ಯಾವ ಗುಡಿಯ ಬಾಗಿಲು ಮುಟ್ಟಬಾರದು ಅಂತ ಅಕ್ಷರಕ್ಕಿಂತ ಮೊದಲೇ ಕಲಿತವರು. ನಮ್ಮವ್ವನ ಕೈ ಅವರ ಗದ್ದೆಯಲ್ಲಿ ನಾಟಿ ಹಾಕ್ತಿತ್ತು, ಕಳೆ ಕೀಳ್ತಿತ್ತು, ಕುಯ್ಲು ಮಾಡ್ತಿತ್ತು. ಆ ಅನ್ನ ಅವರಿಗೆ ಮೈಲಿಗೆಯಾಗಲಿಲ್ಲ. ಅದಕ್ಕೇ, 'ಇದನ್ನು ಯಾರೂ ಮುಟ್ಟಿಲ್ಲ' ಅಂತ ಯಾರಾದರೂ ಅಂದಕೂಡಲೆ ನಮಗೆ ಏಳುವ ಪ್ರಶ್ನೆ ಒಂದೇ: ಇಲ್ಲಿ ದುಡಿದ ಕೈ ಯಾರದು?

ಗೊರ್ಗೋನದಲ್ಲಿ 1869ರಿಂದ ಕೈದಿಗಳು ದುಡಿಯುತ್ತಿದ್ದಾರೆ. ಅದು ಬೇಸಾಯದ ಜೈಲು. ತರಕಾರಿ ಪಾತಿ, ಆಲಿವ್ ಮರ, ದ್ರಾಕ್ಷಿ ಬಳ್ಳಿ ಎಲ್ಲಕ್ಕೂ ಅವರ ಬೆವರು ಬಿದ್ದಿದೆ. ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು 1996ರಲ್ಲಿ. ಜೈಲಿಗೆ ನೂರಿಪ್ಪತ್ತೇಳು ವರ್ಷ ತುಂಬಿದ ಮೇಲೆ. ಅಷ್ಟು ಕಾಲ ಈ ದಡದಲ್ಲಿ ಹೋಟೆಲು ಏಳದಂತೆ ತಡೆದದ್ದು ಜೈಲಿನ ಕಾವಲು. ಕೈದಿ ಹೊರಗೆ ಹೋಗದಿರಲಿ ಎಂದು ಹಾಕಿದ ಕಾವಲು, ಹಣವಂತನನ್ನು ಒಳಗೆ ಬಿಡಲಿಲ್ಲ. ಅಂದರೆ, ನೀವು ನೋಡಿ ಬೆರಗಾಗುವ ಹಸಿರನ್ನು ಉಳಿಸಿದ್ದು ಇನ್ನೊಬ್ಬನ ಸೆರೆ.

2012ರಿಂದ ಫ್ರೆಸ್ಕೊಬಾಲ್ಡಿ ಎಂಬ ಹಳೆಯ ಸಿರಿವಂತ ಮನೆತನ ಕೈದಿಗಳನ್ನು ಸೇರಿಸಿಕೊಂಡು ಇಲ್ಲಿ ದ್ರಾಕ್ಷಾರಸ ಮಾಡಿಸುತ್ತಿದೆ. ಕೂಲಿ ಕೊಡುತ್ತದೆ, ಕಸುಬು ಕಲಿಸುತ್ತದೆ. ಇದನ್ನು ನಾವು ಅಲ್ಲಗಳೆಯೋದಿಲ್ಲ. ದಿನವಿಡೀ ಕೋಣೆಯಲ್ಲಿ ಕೊಳೆಯುವುದಕ್ಕಿಂತ ಬಿಸಿಲಿನಲ್ಲಿ ದುಡಿಯುವುದು ಸಾವಿರ ಪಾಲು ಮೇಲು. ನಮ್ಮ ತಕರಾರು ಕೆಲಸದ ಮೇಲಲ್ಲ, ಕಣ್ಣಿನ ಮೇಲೆ. ಸೀಸೆಯ ಜೊತೆ ಮನೆತನದ ಹೆಸರು ಲೋಕ ಸುತ್ತುತ್ತದೆ. ದ್ವೀಪ ಹೊಗಳುವವರ ಮಾತಿನಲ್ಲಿ ದುಡಿದವನಿಗೆ ಮಾತ್ರ ಕೈಯೇ ಇಲ್ಲ! ಅವನು ತಪ್ಪು ಮಾಡಿದವನೇ ಇರಬಹುದು. ಕೋರ್ಟು ಕಸಿದುಕೊಂಡದ್ದು ಅವನ ಬಿಡುಗಡೆಯನ್ನು. ಅವನ ದುಡಿಮೆಯನ್ನು ಇಲ್ಲ ಅನ್ನಿಸುವ ಶಿಕ್ಷೆಯನ್ನು ಯಾವ ಕೋರ್ಟೂ ಕೊಟ್ಟಿಲ್ಲ.

'ಇಟಲಿಯ ಕೈದಿಯ ಚಿಂತೆ ನಿಮಗ್ಯಾಕ್ರಪ್ಪಾ?' ಅನ್ನುವವರಿದ್ದಾರೆ. ಯಾಕೆಂದರೆ, ನಮ್ಮ ದೇಶದ ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಡುಗೆ ಯಾವ ಜಾತಿಗೆ, ಕಕ್ಕಸು ತೊಳೆಯುವುದು ಯಾವ ಜಾತಿಗೆ ಅಂತ ಬರೆದಿಟ್ಟಿದ್ದರು. ಅದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು ಹೇಳಿದ್ದು 2024ರ ಅಕ್ಟೋಬರಿನಲ್ಲಿ. ಸಂವಿಧಾನ ಜಾರಿಗೆ ಬಂದು 74 ವರ್ಷ ಕಳೆದಿತ್ತು! ಜೈಲಿನೊಳಗೆ ಯಾರ ಕೈ ಏನು ಮಾಡುತ್ತಿದೆ ಎಂದು ಹೊರಗಿನವರು ಕೇಳದಿದ್ದರೆ ಏನಾಗುತ್ತದೆ ಅನ್ನೋದು ನಮಗೆ ಗೊತ್ತು.

ಈ ದ್ವೀಪದ ಮೇಲೆ ಒಬ್ಬ ಕವಿಯ ಸಿಟ್ಟೂ ಇದೆ. ಪೀಸಾ ನಗರದವರು ಉಗೊಲಿನೊ ಎಂಬ ಪಾಳೆಯಗಾರನನ್ನು ಮಕ್ಕಳು ಮೊಮ್ಮಕ್ಕಳ ಸಮೇತ ಗೋಪುರದಲ್ಲಿ ಕೂಡಿಹಾಕಿ, 1289ರಲ್ಲಿ ಹಸಿವಿನಿಂದ ಸಾಯಿಸಿದರು. ಅಪ್ಪ ದ್ರೋಹಿಯೇ ಆಗಿದ್ದರೂ ಮಕ್ಕಳೇನು ಮಾಡಿದ್ದವು ಎಂದು ಡಾಂಟೆ ತನ್ನ 'ಡಿವೈನ್ ಕಾಮಿಡಿ'ಯಲ್ಲಿ ಕೆರಳಿದ. ಗೊರ್ಗೋನ, ಕಪ್ರಾಯಾ ದ್ವೀಪಗಳು ಎದ್ದುಬಂದು ಆರ್ನೊ ನದಿಯ ಬಾಯಿ ಕಟ್ಟಲಿ, ಊರಿಗೆ ಊರೇ ಮುಳುಗಲಿ ಎಂದು ಶಪಿಸಿದ. ಊರು ಮುಳುಗಿಸುವ ಶಾಪ ನಮಗೆ ಬೇಡ. ಆ ಸಿಟ್ಟು ಬೇಕು. ಸೆರೆಯಲ್ಲಿ ಸತ್ತವರಿಗಾಗಿ ಎದ್ದು ಬಾ ಎಂದು ಕವಿ ಕರೆದ ದ್ವೀಪ ಏಳಲಿಲ್ಲ. ಐನೂರಕ್ಕೂ ಹೆಚ್ಚು ವರ್ಷ ಕಳೆದು ತಾನೇ ಸೆರೆಮನೆಯಾಯಿತು.

ಗೆಳೆಯರೆ, ಕಡಲನ್ನೂ ಕಾಡನ್ನೂ ಕಾಪಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಕ್ಕಿಯ ಗೂಡು ಹುಡುಕುವ ಕಣ್ಣಿಗೆ ಪಕ್ಕದಲ್ಲೇ ಗುದ್ದಲಿ ಹಿಡಿದ ಮನುಷ್ಯ ಕಾಣದೆ ಹೋದರೆ, ಅಂಥ ಪ್ರಕೃತಿಪ್ರೇಮಕ್ಕೆ ನಮ್ಮ ಕೇರಿಯಲ್ಲಿ ಬೇರೆ ಹೆಸರಿದೆ: ಮಡಿ.

ಹಳ್ಳಿಶಾಲೆಯ ಮೇಷ್ಟ್ರುಗಳೇ, ನಕಾಶೆಯಲ್ಲಿ ಆ ಚುಕ್ಕಿಯನ್ನು ತೋರಿಸುವಾಗ ಮಕ್ಕಳಿಗೆ ಇಷ್ಟು ಹೇಳಿ: ಆ ನೆಲವನ್ನು ಮುಟ್ಟಿದವರಿದ್ದಾರೆ. ಇವತ್ತು ಬೆಳಿಗ್ಗೆಯೂ ಮುಟ್ಟಿದ್ದಾರೆ.