ದಯೆಗೆ ಫಲಕವೇಕೆ? ಸುಖಕ್ಕೆ ಬೆಲೆಯೇಕೆ?

ಸುಖವೆಂದರೆ ಹಣ ತೆತ್ತು ಮನೆಗೆ ತರುವ ಪದಾರ್ಥವೆಂದೂ, ದಯೆಯೆಂದರೆ ವರ್ಷಕ್ಕೊಮ್ಮೆ ಚೆಕ್ಕಿನ ಮೇಲೆ ಬರೆಯುವ ಅಂಕೆಯೆಂದೂ ನಮ್ಮ ಕಾಲದ ಅನುಕೂಲಸ್ಥ ಗೃಹಸ್ಥನು ನಂಬಿಬಿಟ್ಟಿದ್ದಾನೆ. ಮೊದಲನೆಯದಕ್ಕೆ ಅಂಗಡಿಯಿದೆ, ಎರಡನೆಯದಕ್ಕೆ ರಸೀದಿಯಿದೆ. ಇವೆರಡರ ನಡುವೆ ಮನುಷ್ಯನ ಮುಖವನ್ನು ಮನುಷ್ಯನು ನೋಡುವ ಸಂದರ್ಭವೇ ಒದಗದಂತಾಗಿದೆ. ಈ ನಂಬಿಕೆಯನ್ನು ಖಂಡಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಖಂಡನೆಯು ಮಠದ ಹೊರಗಿನವರನ್ನು ಮಾತ್ರ ಕುರಿತದ್ದಾಗಿರುವುದಿಲ್ಲವಾದ್ದರಿಂದ ಸದ್ಭಕ್ತರು ಸಹನೆಯಿಂದ ಓದಬೇಕು.

ಮೊದಲು ನಮ್ಮವರದೇ ಒಂದು ಅಪಕಲ್ಪನೆಯನ್ನು ನಿವಾರಿಸಬೇಕಾಗಿದೆ. ಕಾವಿ ತೊಟ್ಟವರು ಸುಖದ ಮಾತೆತ್ತಬಾರದು. ನಾಲಗೆಯ ರುಚಿ, ಸಂಜೆಯ ತಂಗಾಳಿ, ನೆರೆಯವರೊಡನೆ ಹರಟೆ ಇವೆಲ್ಲ ಮಾಯೆಯ ಬಲೆಗಳೆಂದು ಉಪದೇಶಿಸಬೇಕು ಎಂದು ಕೆಲವರು ನಿರೀಕ್ಷಿಸುತ್ತಾರೆ. ಅಂಥ ಉಪದೇಶ ಮಾಡುವವರೂ ಇಲ್ಲದಿಲ್ಲ. ಶರಣರ ಮಾರ್ಗಕ್ಕೂ ಈ ಉಪದೇಶಕ್ಕೂ ಸಂಬಂಧವಿಲ್ಲ. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಬಂದ ರುಚಿಯನ್ನು ಅರ್ಪಿಸಿ, ಹಂಚಿ, ಕೃತಜ್ಞತೆಯಿಂದ ಸ್ವೀಕರಿಸುವುದೇ ಪ್ರಸಾದ. ರುಚಿಯನ್ನು ಉಗುಳಿಬಿಡಬೇಕೆಂದು ಅಲ್ಲಿ ಯಾರೂ ಹೇಳಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಆತನ ಪತ್ನಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳೆಂಬ ಕಥೆ ಎಲ್ಲರಿಗೂ ತಿಳಿದದ್ದೇ. ಅದನ್ನು ನಾವು ವೈರಾಗ್ಯಕ್ಕೆ ನಿದರ್ಶನವಾಗಿ ಬಳಸುತ್ತೇವೆ. ಆದರೆ ಆ ಗುಡಿಸಿಲಿನಲ್ಲಿ ದುಃಖವಿತ್ತೆಂದು ಕಥೆ ಎಲ್ಲಿಯೂ ಹೇಳುವುದಿಲ್ಲ. ಅತಿಥಿಗೂ ತಮಗೂ ಸಾಲುವಷ್ಟು ಅಕ್ಕಿ ಅಲ್ಲಿ ದಿನವೂ ಬೇಯುತ್ತಿತ್ತು. ಮಿಕ್ಕ ಅಕ್ಕಿ ಒಳಗೆ ಬಂದಿದ್ದರೆ ಅದರೊಡನೆ ನಾಳಿನ ಚಿಂತೆಯೂ ಒಳಗೆ ಬರುತ್ತಿತ್ತು. ಗ್ರೀಸ್ ದೇಶದ ಎಪಿಕ್ಯೂರಸನನ್ನು ಭೋಗವಾದಿಯೆಂದು ವಿಶ್ವವಿದ್ಯಾನಿಲಯದ ತರಗತಿಗಳಲ್ಲಿಯೂ ಹಳಿಯುವುದುಂಟು. ಅಥೆನ್ಸಿನ ತನ್ನ ತೋಟದಲ್ಲಿ ಸ್ತ್ರೀಯರನ್ನೂ ಗುಲಾಮರನ್ನೂ ಜೊತೆಗೂಡಿಸಿಕೊಂಡು, ರೊಟ್ಟಿ ನೀರಿನಲ್ಲಿ ತೃಪ್ತನಾಗಿದ್ದ ಆತನಿಗೆ ಒಂದು ತುಂಡು ಚೀಸ್ ದೊರೆತರೆ ಅಂದು ಹಬ್ಬವಾಗುತ್ತಿತ್ತು. ಇಂಥವನು ಭೋಗಿಯಾದರೆ ನಮ್ಮ ಮದುವೆಮನೆಗಳ ಯಜಮಾನರನ್ನು ಏನೆಂದು ಕರೆಯೋಣ?

ಈ ಮಾತನ್ನು ಗಾಳಿಯಲ್ಲಿ ತೇಲಿಬಿಡದೆ ಒಂದು ಊರನ್ನು ಮುಂದಿಟ್ಟುಕೊಂಡು ವಿಚಾರಿಸೋಣ. ಬೆಂಗಳೂರಿನ ಉತ್ತರಕ್ಕೆ, ಬಳ್ಳಾರಿ ರಸ್ತೆಯಲ್ಲಿ, ಯಲಹಂಕವನ್ನು ಮುಟ್ಟುವ ಮುನ್ನ ಅಲ್ಲಾಳಸಂದ್ರವಿದೆ. ನಮ್ಮ ಮಠದಲ್ಲಿ ಓದಿ ಹೋದ ಹಲವರು ಈಗ ಅಲ್ಲಿ ಮನೆ ಮಾಡಿದ್ದಾರೆ. ಸಂದ್ರವೆಂದರೆ ಸಮುದ್ರ. ಥಣಿಸಂದ್ರ, ನಾಗಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ ಈ ಎಲ್ಲ ಹೆಸರುಗಳ ಹಿಂದೆಯೂ ಒಂದೊಂದು ಕೆರೆಯಿದೆ. ದೊಡ್ಡ ನದಿಯಿಲ್ಲದ ಈ ಬಯಲಿನಲ್ಲಿ ಹಿರಿಯರು ಮಳೆಯ ನೀರಿಗೆ ಏರಿ ಹಾಕಿ ನಿಲ್ಲಿಸಿದರು, ನಿಂತ ನೀರನ್ನು ಸಮುದ್ರವೆಂದು ಕರೆದರು. ಕೋಡಿ ಬಿದ್ದ ಕೆರೆಯೊಂದನ್ನು ಕಂಡು ಕಡಲು ಕಂಡಷ್ಟು ಹಿಗ್ಗಬಲ್ಲ ಮನಸ್ಸು ಅವರಿಗಿತ್ತು. ಇಂದು ನಿಜವಾದ ಕಡಲನ್ನು ಕಾಣಲು ವಿಮಾನವೇರಿ ಹೊರದೇಶಕ್ಕೆ ಹೋಗಿಬಂದವರು, ಅಲ್ಲಿ ಊಟ ಸರಿಯಿರಲಿಲ್ಲವೆಂದು ಗೊಣಗುವುದನ್ನು ನಾವು ಕೇಳುತ್ತಿದ್ದೇವೆ.

ಊರಿನ ಮಗ್ಗುಲಲ್ಲಿಯೇ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರವಿದೆ. 1964ರಲ್ಲಿ ಸ್ಥಾಪಿತವಾದ ಈ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳನ್ನು ಸಿದ್ಧಪಡಿಸಿದರು. ಹಳೆಯ ಅವರೆಯು ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ಜಾತಿ. ಆದುದರಿಂದಲೇ ಅದು ಚಳಿಗಾಲದ ಅತಿಥಿ. ಹೊಸ ತಳಿಗಳಿಗೆ ಆ ಕಟ್ಟಿಲ್ಲ. ಬೇಸಿಗೆಯಲ್ಲಿಯೂ ಕಾಯಿ ಬಿಡಬಲ್ಲವು. ರೈತನಿಗೆ ಇದರಿಂದ ಉಪಕಾರವಾಗಿದೆ, ನಾವು ಅಲ್ಲಗಳೆಯುವುದಿಲ್ಲ. ಹಾಗಿದ್ದರೂ ಸೊಗಡಿನ ಅವರೆಕಾಯಿ ಮಾರುಕಟ್ಟೆಗೆ ಬಂತೆಂದರೆ ಈ ಸೀಮೆಯವರು ಚಳಿಯಲ್ಲಿಯೇ ಎದ್ದು ಹೋಗಿ ತರುತ್ತಾರೆ. ಮನೆಮಂದಿಯೆಲ್ಲ ಸುತ್ತ ಕುಳಿತು ಕಾಯಿ ಸುಲಿದು, ರಾತ್ರಿ ನೆನೆಹಾಕಿ, ಮರುದಿನ ಒಂದೊಂದೇ ಕಾಳನ್ನು ಹಿತಕಿದರೆ ಆಗ ಸಾರು. ಹಾಗೆ ಹಿತಕುವಾಗ ಮುದುಕಿಯರು ಹಳೆಯ ಕಥೆ ತೆಗೆಯುವರು, ಮಕ್ಕಳು ಕಾಳನ್ನು ಎದುರಿನವರ ಮುಖಕ್ಕೆ ಚಿಮ್ಮಿಸಿ ಬೈಸಿಕೊಳ್ಳುವರು. ಸಾರಾದ ಮೇಲೆ ಒಂದು ಬಟ್ಟಲು ಪಕ್ಕದ ಮನೆಗೆ ಹೋಗುವುದು, ಆ ಬಟ್ಟಲು ಬರಿದಾಗಿ ಹಿಂದಿರುಗುತ್ತಿರಲಿಲ್ಲ. ಈಗ ಹಿತಕಿದ ಬೇಳೆಯೇ ಪ್ಲಾಸ್ಟಿಕ್ ಚೀಲದಲ್ಲಿ ಬಾಗಿಲಿಗೆ ಬರುತ್ತದೆ. ಸಾರು ಕೆಟ್ಟಿದೆಯೆಂದು ನಮ್ಮ ಆಕ್ಷೇಪವಲ್ಲ. ಸುಖದ ಮುಕ್ಕಾಲು ಪಾಲು ಆ ಸುತ್ತ ಕುಳಿತ ಹೊತ್ತಿನಲ್ಲಿತ್ತು, ಉಳಿದ ಕಾಲು ಪಾಲು ಪಕ್ಕದ ಮನೆಗೆ ಹೋದ ಬಟ್ಟಲಿನಲ್ಲಿತ್ತು. ನಮ್ಮ ಕೈಗೆ ಬಂದದ್ದು ಬೇಳೆ ಮಾತ್ರ.

ಸುಖ ಹೀಗಾದರೆ ದಯೆಯ ಗತಿಯೇನು? ನಮ್ಮ ನಾಡಿನ ಹಳೆಯ ದಾರಿಗಳಲ್ಲಿ ಹೊರೆಗಲ್ಲುಗಳಿದ್ದವು. ಎರಡು ಕಂಬಗಳ ಮೇಲೆ ಹೆಗಲೆತ್ತರದಲ್ಲಿ ಒಂದು ಅಡ್ಡಗಲ್ಲು. ತಲೆಹೊರೆ ಹೊತ್ತವನು ಯಾರ ನೆರವನ್ನೂ ಬೇಡದೆ ಹೊರೆಯನ್ನು ಅದರ ಮೇಲಿಳಿಸಿ, ದಣಿವಾರಿದ ಮೇಲೆ ತಾನೇ ಮತ್ತೆ ತಲೆಗೇರಿಸಿಕೊಳ್ಳುವನು. ಕಲ್ಲು ನಿಲ್ಲಿಸಿದವನಿಗೆ ಆ ದಾರಿಹೋಕನ ಕುಲ ಗೊತ್ತಿಲ್ಲ, ದಾರಿಹೋಕನಿಗೆ ಕಲ್ಲು ನಿಲ್ಲಿಸಿದವನ ಹೆಸರು ಗೊತ್ತಿಲ್ಲ. ಬೇಡುವ ಸಂಕೋಚಕ್ಕೂ ಎಡೆಗೊಡದ ದಯೆ ಅದು. ಬೇಸಿಗೆಯ ಅರವಟ್ಟಿಗೆ, ಊರ ಮುಂದಿನ ಅಶ್ವತ್ಥಕಟ್ಟೆ, ಮನೆಯ ಮುಂದಿನ ಜಗಲಿ ಇವೂ ಅದೇ ವರ್ಗಕ್ಕೆ ಸೇರಿದವು. (ಆ ಕಾಲವೆಲ್ಲ ಸತ್ಯಯುಗವಾಗಿತ್ತೆಂದು ಯಾರೂ ತಿಳಿಯಬಾರದು. ಅದೇ ಅರವಟ್ಟಿಗೆಯಲ್ಲಿ ಕೆಲವರ ಬೊಗಸೆಗೆ ಎತ್ತರದಿಂದ ನೀರು ಸುರಿಯುತ್ತಿದ್ದರು. ಆ ಪಾಪವನ್ನು ಬಿಟ್ಟು ಅರವಟ್ಟಿಗೆಯನ್ನು ಉಳಿಸಿಕೊಳ್ಳಬೇಕಾಗಿತ್ತು. ನಾವು ಅರವಟ್ಟಿಗೆಯನ್ನು ಬಿಟ್ಟು ಪಾಪವನ್ನು ಬೇರೆ ರೂಪದಲ್ಲಿ ಉಳಿಸಿಕೊಂಡೆವು.)

ಆ ಬೇರೆ ರೂಪ ಯಾವುದೆಂದು ಹೇಳುತ್ತೇವೆ. ಕಳೆದ ಬೇಸಿಗೆಯಲ್ಲಿ ನಗರದ ಉತ್ತರ ಭಾಗದ ಒಂದು ವಸತಿ ಸಮುಚ್ಚಯಕ್ಕೆ ಪಾದಪೂಜೆಯ ನಿಮಿತ್ತ ನಾವು ಹೋಗಿದ್ದೆವು. ಅಲ್ಲಿ ಎರಡು ಲಿಫ್ಟುಗಳು. ಮನೆಗೆಲಸದವರು ಮತ್ತು ಸಾಮಾನು ತರುವವರು ಎರಡನೆಯದನ್ನೇ ಬಳಸತಕ್ಕದ್ದೆಂದು ಫಲಕ. ಆ ಎರಡನೆಯದು ಅಂದು ಕೆಟ್ಟಿತ್ತು. ಊಟದ ಪೊಟ್ಟಣ ತಂದ ಹುಡುಗನೊಬ್ಬನು ಬೆವರುತ್ತ ಒಂಬತ್ತನೆಯ ಮಹಡಿಗೆ ಮೆಟ್ಟಿಲೇರಿ ಬಂದನು. ಪೊಟ್ಟಣ ತೆಗೆದುಕೊಂಡರು, ಬಾಗಿಲು ಹಾಕಿದರು. ಒಳಗೆ ದಯೆಯ ಮೇಲಿನ ವಚನಗಾಯನ ನಡೆದಿತ್ತು. ಆ ಮನೆಯವರು ದುಷ್ಟರಲ್ಲ. ಹಲವು ಮಕ್ಕಳ ಶುಲ್ಕ ಕಟ್ಟುವವರು. ಇಷ್ಟಿದ್ದೂ ಬಾಗಿಲಲ್ಲಿ ನಿಂತವನಿಗೆ ಒಂದು ಲೋಟ ನೀರು ಕೊಡಬೇಕೆಂಬುದು ಅವರಿಗೆ ತೋರಲಿಲ್ಲ, ಏಕೆಂದರೆ ಅವರ ದಯೆಗೆ ಬೇರೆ ವೇಳಾಪಟ್ಟಿಯಿದೆ. ಇಂಥ ದುಡಿಮೆಗಾರರ ಸಾಮಾಜಿಕ ಭದ್ರತೆಗಾಗಿ ನಮ್ಮ ರಾಜ್ಯವು 2025ರಲ್ಲಿ ಕಾಯಿದೆಯನ್ನೇ ಮಾಡಿತು, ಸ್ವಾಗತಾರ್ಹ. ಕಾಯಿದೆಯು ನಿಧಿಯನ್ನು ಕೊಡಬಲ್ಲುದು. ಬಾಗಿಲಲ್ಲಿ ನೀರು ಕೊಡುವ ಕೈಯನ್ನು ಯಾವ ವಿಧಾನಸಭೆಯೂ ಕೊಡಲಾರದು.

ಇದೇ ಬುದ್ಧಿ ಕೆರೆ ಉದ್ಯಾನಗಳ ಬಳಿಯೂ ಕಾಣುತ್ತದೆ. ಕೆರೆಗೆ ಬೇಲಿ ಬೇಡವೆಂದು ನಾವು ವಾದಿಸುವುದಿಲ್ಲ. ಬೇಲಿಯಿಲ್ಲದ ಕೆರೆಗೆ ಮೊದಲು ಕಸ ಬರುತ್ತದೆ, ಅನಂತರ ಮಣ್ಣು, ಅನಂತರ ನಿವೇಶನದ ಕಲ್ಲು. ಬೇಲಿ ಕೆರೆಯನ್ನು ಕಾಯಲಿ; ಮನುಷ್ಯರನ್ನು ಬಗೆಬಗೆಯಾಗಿ ವಿಂಗಡಿಸುವ ಕೆಲಸ ಅದಕ್ಕೆ ಬೇಡ. ಬೆಂಗಳೂರಿನ ಪಾಲಿಕೆಯ ಉದ್ಯಾನಗಳು ಹಿಂದೆ ಹಗಲಿನ ನಡುವೆ ಕೆಲವು ಗಂಟೆ ಮುಚ್ಚಿರುತ್ತಿದ್ದವು. ಬೆಳಗಿನ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕೆಂದು 2024ರಲ್ಲಿ ಆಜ್ಞೆಯಾಯಿತು. ಆಗಲೂ ಕೆಲವರಿಂದ ಆಕ್ಷೇಪಣೆಗಳು ಬಂದವು. ಉಸ್ತುವಾರಿ ಕಷ್ಟ, ಕಂಡಕಂಡವರು ಬಂದು ಮಲಗುತ್ತಾರೆ ಎಂಬ ಮಾತನ್ನು ನಮ್ಮ ಬಳಿಯೂ ಆಡಿದವರುಂಟು. ಮಲಗಲಿ! ಇರುಳೆಲ್ಲ ನಿಮ್ಮ ಗೇಟು ಕಾದವನು ಹಗಲು ಒಂದು ಗಂಟೆ ಹೊಂಗೆಯ ನೆರಳಿನಲ್ಲಿ ಮಲಗಿದರೆ ಹೊಂಗೆಗೆ ನಷ್ಟವೇನು? ಮುಂಜಾನೆ ಕಾಲ್ನಡಿಗೆ ಮಾಡಿ ಮನೆಗೆ ಹೋದವರು ಆ ಹೊತ್ತಿನಲ್ಲಿ ಅಲ್ಲಿರುವುದೂ ಇಲ್ಲ. ತನಗೆ ಬೇಡವಾದ ನೆರಳೂ ಇನ್ನೊಬ್ಬನಿಗೆ ಸಿಗಬಾರದೆಂಬುದಕ್ಕೆ ಕನ್ನಡದಲ್ಲಿ ಒಳ್ಳೆಯ ಶಬ್ದವಿಲ್ಲ.

ಆಧುನಿಕರಿಗೆ ಪ್ರಯೋಗದ ಪ್ರಮಾಣ ಬೇಕು. ಅದೂ ಇದೆ. 2008ರಲ್ಲಿ ಎಲಿಜಬೆತ್ ಡನ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನದಲ್ಲಿ 46 ಮಂದಿಗೆ ಐದು ಅಥವಾ ಇಪ್ಪತ್ತು ಡಾಲರು ಕೊಟ್ಟು, ಕೆಲವರು ತಮಗಾಗಿಯೂ ಕೆಲವರು ಪರರಿಗಾಗಿಯೂ ಸಂಜೆಯೊಳಗೆ ಖರ್ಚು ಮಾಡುವಂತೆ ಹೇಳಲಾಯಿತು. ಪರರಿಗಾಗಿ ಖರ್ಚು ಮಾಡಿದವರು ಹೆಚ್ಚು ಸಂತುಷ್ಟರಾಗಿದ್ದರು. ಮೊತ್ತ ಐದೋ ಇಪ್ಪತ್ತೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಚೆಕ್ಕಿನ ಅಂಕೆಯನ್ನೇ ದಯೆಯ ಅಳತೆಯೆಂದು ತಿಳಿದವರು ಈ ಕೊನೆಯ ಮಾತನ್ನು ಎರಡು ಸಲ ಓದಬೇಕು. 2014ರಲ್ಲಿ ಷಿಕಾಗೊ ನಗರದ ನಿತ್ಯಪ್ರಯಾಣಿಕರ ಮೇಲೆ ಎಪ್ಲಿ ಮತ್ತು ಶ್ರೋಡರ್ ನಡೆಸಿದ ಪ್ರಯೋಗವೂ ಸ್ವಾರಸ್ಯಕರ. ಅಪರಿಚಿತರೊಡನೆ ಮಾತನಾಡಿದರೆ ಪ್ರಯಾಣ ಬೇಸರವಾದೀತೆಂದು ಜನ ಊಹಿಸಿದರು. ಮಾತನಾಡಿದವರ ಪ್ರಯಾಣವೇ ಹಿತವಾಗಿತ್ತು. ನಮ್ಮ ಸಂತೆಯ ಬಸ್ಸಿನಲ್ಲಿ ಕುಳಿತ ಯಾವ ಅಜ್ಜಿಯೂ ಇದನ್ನು ಪುಕ್ಕಟೆಯಾಗಿ ತಿಳಿಸುತ್ತಿದ್ದಳು.

ಇಲ್ಲಿ ಒಂದು ಗಂಭೀರವಾದ ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಒಂದು ಲೋಟ ನೀರು, ಒಂದು ನಗುಮುಖ ಇವುಗಳಿಂದ ಬಡವನ ಬಡತನ ನೀಗೀತೆ? ಇದು ಉಳ್ಳವರು ನ್ಯಾಯದಿಂದ ತಪ್ಪಿಸಿಕೊಳ್ಳುವ ಉಪಾಯವಲ್ಲವೇ? ಎಂದು ವಿಚಾರವಂತ ತರುಣರು ಕೇಳುತ್ತಾರೆ. ಪ್ರಶ್ನೆ ಸರಿಯಾಗಿದೆ. ಮನೆಗೆಲಸದವಳಿಗೆ ರಜೆ ಹಾಕಿದ ದಿನದ ಸಂಬಳ ಹಿಡಿದು ಹಬ್ಬಕ್ಕೆ ಹಳೆಯ ಸೀರೆ ಕೊಡುವುದನ್ನು ನಾವು ದಯೆಯೆನ್ನುವುದಿಲ್ಲ. ಕೂಲಿ ಮೊದಲು, ಅದು ಸಾಲ, ತೀರಿಸಬೇಕಾದದ್ದು. ದಯೆ ಪ್ರಾರಂಭವಾಗುವುದು ಸಾಲ ತೀರಿದ ಮೇಲೆ. ಆದರೆ ತರುಣರೂ ಒಂದನ್ನು ಗಮನಿಸಬೇಕು: ಬಾಗಿಲಲ್ಲಿ ನಿಂತವನನ್ನು ಕಣ್ಣೆತ್ತಿ ನೋಡದವನಿಗೆ ಅವನ ಕೂಲಿ ಕಡಿಮೆಯೆಂಬುದು ಎಂದಾದರೂ ತೋರುವುದೆ?

ಇನ್ನು ಮಠದ ಅಂಗಳಕ್ಕೆ ಬರೋಣ. ಸೊನ್ನಲಿಗೆಯ ಸಿದ್ಧರಾಮರು ಕೆರೆಕಟ್ಟೆಗಳನ್ನು ಕಟ್ಟಿಸಿದ ಮಹಾಪುರುಷರು. ಆ ಊರು ಈಗಿನ ಸೊಲ್ಲಾಪುರ. ಅಲ್ಲಮಪ್ರಭುಗಳು ಅಲ್ಲಿಗೆ ಹೋಗಿ ಅವರನ್ನು ಒಡ್ಡನೆಂದು ಕರೆದು ಕೆಣಕಿದ ಪ್ರಸಂಗವನ್ನು ಶೂನ್ಯಸಂಪಾದನೆ ವಿವರಿಸುತ್ತದೆ. ಕೆರೆ ತೋಡುವುದು ವ್ಯರ್ಥವೆಂದು ಪ್ರಭುದೇವರ ಅಭಿಪ್ರಾಯವೆಂಬಂತೆ ಕೆಲವರು ಇದನ್ನು ವ್ಯಾಖ್ಯಾನಿಸುತ್ತಾರೆ. ನಮ್ಮ ಮತ ಬೇರೆ. ಕೆರೆಯ ನೀರನ್ನು ಕುಡಿದ ದನಕರುಗಳ ಮೇಲೆ ಪ್ರಭುಗಳಿಗೆ ಯಾವ ಸಿಟ್ಟೂ ಇರಲಿಲ್ಲ; ‘ನಾನು ಕಟ್ಟಿಸಿದೆ’ ಎಂಬ ನೆನಪಿನ ಮೇಲೆ ಅವರ ಏಟು ಬಿತ್ತು. ಹನ್ನೆರಡನೆಯ ಶತಮಾನದಲ್ಲಿ ಆ ನೆನಪು ಮನಸ್ಸಿನೊಳಗಿತ್ತು. ನಮ್ಮಲ್ಲಿ ಅದು ಅಮೃತಶಿಲೆಗೆ ಇಳಿದಿದೆ. ಊಟದ ಬೆಂಚಿನ ಮೇಲೆ ದಾನಿಯ ಹೆಸರು, ನೀರಿನ ತೊಟ್ಟಿಯ ಮೇಲೆ ದಾನಿಯ ಹೆಸರು, ಗೋಡೆಗಡಿಯಾರದಲ್ಲಿ ಮುಳ್ಳು ಕಾಣದಷ್ಟು ಹೆಸರು. ಇದನ್ನು ಬೆಳೆಯಗೊಟ್ಟವರಲ್ಲಿ ಮಠಗಳೂ ಸೇರಿವೆಯೆಂಬುದನ್ನು ಮುಚ್ಚಿಡುವುದು ಸಾಧ್ಯವಿಲ್ಲ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾದಾಗ, ಆ ವಾರ್ತೆಯನ್ನು ಮಕ್ಕಳ ಊಟವಾದ ಮೇಲೆಯೇ ತಿಳಿಸಬೇಕೆಂಬುದು ಅವರ ಇಚ್ಛೆಯಾಗಿತ್ತೆಂದು ಪತ್ರಿಕೆಗಳು ಬರೆದವು. ಸಾವಿರಾರು ಮಕ್ಕಳ ಒಂದು ಹೊತ್ತಿನ ಊಟ ತಮ್ಮ ಮರಣಕ್ಕಿಂತ ಮೊದಲು ಬರಬೇಕೆಂದವರು, ತಮ್ಮ ಭಾವಚಿತ್ರ ಎಷ್ಟು ಅಡಿಯಿರಬೇಕೆಂದು ಯೋಚಿಸಿದ್ದಿಲ್ಲ.

ಅಲ್ಲಾಳಸಂದ್ರದ ಸದ್ಭಕ್ತರು ಬರುವ ಯುಗಾದಿಯಿಂದ ಬಳ್ಳಾರಿ ರಸ್ತೆಯ ಬದಿಯಲ್ಲಿ ಅರವಟ್ಟಿಗೆ ಇಡುವುದಾಗಿ ನಿಶ್ಚಯಿಸಿ ನಮ್ಮ ಅನುಮತಿ ಕೇಳಿದ್ದಾರೆ. ಜೊತೆಗೆ ನಮ್ಮದೂ ದಾನಿಗಳದೂ ಭಾವಚಿತ್ರಗಳಿರುವ ಫ್ಲೆಕ್ಸಿನ ನಮೂನೆಯನ್ನೂ ಕಳುಹಿಸಿದ್ದಾರೆ. ಅರವಟ್ಟಿಗೆಗೆ ಸಂಪೂರ್ಣ ಸಮ್ಮತಿ. ಫ್ಲೆಕ್ಸಿಗೆ ಇಲ್ಲ. (2018ರಲ್ಲಿ ಉಚ್ಚ ನ್ಯಾಯಾಲಯವು ಗದರಿಸಿದ ಮೇಲೆ ನಗರದ ಫ್ಲೆಕ್ಸುಗಳು ಕೆಲಕಾಲ ಮಾಯವಾಗಿದ್ದವು, ಮಠಕ್ಕೆ ಆ ಗದರಿಕೆ ಬರಬೇಕಾಗಿಲ್ಲ.) ಮಣ್ಣಿನ ಗುಡಾಣಗಳಿರಲಿ, ಲೋಟಗಳು ಎಲ್ಲರಿಗೂ ಒಂದೇ ಬಗೆಯವಾಗಿರಲಿ. ಬಿಸಿಲಿನಲ್ಲಿ ಬೈಸಿಕಲ್ಲು, ಬೈಕು ನಿಲ್ಲಿಸಿ ಬರುವವರು ಕುಳಿತು ಕುಡಿಯಲು ನೆರಳಿನಲ್ಲಿ ಎರಡು ಬೆಂಚು ಬೇಕು. ಮಜ್ಜಿಗೆ ಹಂಚಲು ಕೂಲಿಯ ಆಳುಗಳನ್ನು ಇಡಬಾರದು; ದಾನ ಕೊಟ್ಟ ಮನೆಯವರೇ, ಮಕ್ಕಳನ್ನೂ ಕರೆದುಕೊಂಡು, ಸರದಿಯಂತೆ ನಿಲ್ಲತಕ್ಕದ್ದು. ಹನ್ನೊಂದರಿಂದ ನಾಲ್ಕರವರೆಗಿನ ಹೊತ್ತಿಗೆ ಇಬ್ಬಿಬ್ಬರಾದರೂ ಬೇಕಾಗುತ್ತದೆ. ನಿಲ್ಲುವವರು ತಮಗೆ ಅನುಕೂಲವಾದ ದಿನವನ್ನು ಯುಗಾದಿಗೆ ಹದಿನೈದು ದಿನ ಮುಂಚೆ ಮಠದ ಕಾರ್ಯಾಲಯಕ್ಕೆ ತಿಳಿಸಬೇಕು.